ಸಿಸೇರಿಯನ್ ಎಷ್ಟು ಪರ್ಸೆಂಟ್ ಅಂತ ಕೇಳಿದಿರಿ, ರಾತ್ರಿ ಯಾರಿರುತ್ತಾರೆ ಅಂತ ಕೇಳಿದಿರಾ?

ಪ್ರಶ್ನೆ: ಡಾಕ್ಟರ್ ಮೇಡಂ, ನನಗೆ 29 ವರ್ಷ, ಮುಂಬೈಯ ಮುಲುಂಡ್‌ನಲ್ಲಿದ್ದೇವೆ. ಮೊದಲ ಬಸುರಿ, ಈಗ 31 ವಾರ. ಬಿಪಿ, ಶುಗರ್, ಥೈರಾಯ್ಡ್ ಎಲ್ಲ ನಾರ್ಮಲ್. ನಮ್ಮ ಬಿಲ್ಡಿಂಗ್‌ನಲ್ಲಿ ಎರಡು ವರ್ಷದಲ್ಲಿ ಐದು ಹೆರಿಗೆ ಆಯಿತು. ಅದರಲ್ಲಿ ನಾಲ್ಕು ಸಿಸೇರಿಯನ್. ನಾನು ತೋರಿಸುತ್ತಿರುವ ನರ್ಸಿಂಗ್ ಹೋಂನಲ್ಲಿ ಕೇಳಿದಾಗ ನೂರಕ್ಕೆ 35 ಅಂದರು. ಸ್ವಲ್ಪ ದೂರದ ಟ್ರಸ್ಟ್ ಆಸ್ಪತ್ರೆಯಲ್ಲಿ 43 ಅಂದರು. ವಿಶ್ವ ಆರೋಗ್ಯ ಸಂಸ್ಥೆ 10ರಿಂದ 15 ಸಾಕು ಎನ್ನುತ್ತದೆ ಅಂತ ಓದಿದ್ದೇನೆ. ಹಾಗಾದರೆ ಉಳಿದದ್ದೆಲ್ಲ ದುಡ್ಡಿಗಾಗಿಯಾ? ಕಳೆದ ಸ್ಕ್ಯಾನ್‌ನಲ್ಲಿ ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಒಂದು ಸುತ್ತು ಇದೆ ಎಂದು ಬರೆದಿದ್ದಾರೆ. ಅತ್ತೆ ‘ಇನ್ನು ಸಿಸೇರಿಯನ್ನೇ ಗತಿ’ ಅಂತಿದ್ದಾರೆ. ಕುಂದಾಪುರದಿಂದ ಅಮ್ಮ ದಿನಾ ಫೋನ್ ಮಾಡಿ ‘ಊರಿಗೆ ಬಾ, ಇಲ್ಲಿ ಕಾಯ್ತಾರೆ’ ಅಂತಾರೆ. ನಾನು ಎಲ್ಲಿ ಹೆರಿಗೆ ಮಾಡಿಸಿಕೊಳ್ಳಲಿ?

ಉತ್ತರ: ಮೊದಲು ಬಳ್ಳಿಯ ವಿಷಯ ಮುಗಿಸಿಬಿಡೋಣ. ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಇರಬೇಕು.

ಹುಟ್ಟುವ ಮಕ್ಕಳಲ್ಲಿ ಹೆಚ್ಚುಕಡಿಮೆ ನಾಲ್ಕಕ್ಕೆ ಒಂದರ ಕೊರಳಲ್ಲಿ ಬಳ್ಳಿ ಇರುತ್ತದೆ. 31 ವಾರದ ಮಗು ಹೊಟ್ಟೆಯೊಳಗೆ ಇನ್ನೂ ಹೊರಳಾಡುತ್ತಿರುತ್ತದೆ. ಇವತ್ತು ಸುತ್ತಿಕೊಂಡದ್ದು ನಾಳೆ ಬಿಚ್ಚಿಕೊಂಡಿರಬಹುದು. ಮಗು ಅಲ್ಲಿ ಮೂಗಿನಿಂದ ಉಸಿರಾಡುವುದಿಲ್ಲ, ಅದಕ್ಕೆ ಬೇಕಾದ ಆಮ್ಲಜನಕ ಬಳ್ಳಿಯ ರಕ್ತದಲ್ಲೇ ಬರುತ್ತದೆ. ಹಾಗಾಗಿ ನಾವು ಅಂದುಕೊಳ್ಳುವ ಹಾಗೆ ಕೊರಳು ಬಿಗಿದು ಉಸಿರು ಕಟ್ಟುವುದಿಲ್ಲ. ತಲೆ ಹೊರಗೆ ಬಂದಾಗ ಬೆರಳು ಹಾಕಿ ಸುತ್ತನ್ನು ಜಾರಿಸುತ್ತೇವೆ, ಅಷ್ಟೇ. ಬೇನೆಯ ಹೊತ್ತಿನಲ್ಲಿ ಬಳ್ಳಿ ಒತ್ತಿ ಮಗುವಿನ ಎದೆಬಡಿತ ಇಳಿದು ಮೇಲೇಳದಿದ್ದರೆ ಆಗ ಆಪರೇಷನ್ ಬೇಕಾಗುತ್ತದೆ. ಅದನ್ನು ಆಗಲೇ ನೋಡಬೇಕು. ಸ್ಕ್ಯಾನ್ ಕಾಗದದ ಒಂದು ಸಾಲು ನೋಡಿ ಈಗಲೇ ದಿನ ಗೊತ್ತು ಮಾಡುವಂಥದ್ದಲ್ಲ. ಅತ್ತೆಯವರಿಗೆ ಇದನ್ನು ಓದಿ ಹೇಳಿ.

ಈಗ 10–15ರ ಲೆಕ್ಕ. ಈ ಸಂಖ್ಯೆ ಬಂದದ್ದು 1985ರಲ್ಲಿ, ಬ್ರೆಜಿಲ್‌ನ ಫೋರ್ಟಲೇಜಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಸಭೆಯಿಂದ. ಯಾವುದೇ ಪ್ರದೇಶದಲ್ಲಿ ಇದಕ್ಕಿಂತ ಜಾಸ್ತಿ ಇರಲು ಸರಿಯಾದ ಕಾರಣವಿಲ್ಲ ಎಂದಿದ್ದರು. ‘ಪ್ರದೇಶ’ ಅನ್ನುವ ಮಾತು ಗಮನಿಸಿ. ಊರು, ಹಳ್ಳಿ, ದೊಡ್ಡ ಆಸ್ಪತ್ರೆ, ಸಣ್ಣ ಆಸ್ಪತ್ರೆ ಎಲ್ಲ ಸೇರಿಸಿದ ಮೇಲೆ ಬರುವ ಲೆಕ್ಕ ಅದು. 2015ರಲ್ಲಿ ಅದೇ ಸಂಸ್ಥೆ ಇನ್ನೂ ಬಿಡಿಸಿ ಹೇಳಿತು. ಇಡೀ ಜನಸಂಖ್ಯೆಯಲ್ಲಿ 10 ದಾಟಿದ ಮೇಲೆ ತಾಯಿ, ಮಗುವಿನ ಸಾವು ಮತ್ತಷ್ಟು ಇಳಿದದ್ದು ಕಾಣುವುದಿಲ್ಲ. ಆದರೆ ಒಂದು ಸಂಖ್ಯೆಯ ಬೆನ್ನು ಹತ್ತಬೇಡಿ, ಬೇಕಾದ ಪ್ರತಿಯೊಬ್ಬಳಿಗೂ ಸಿಸೇರಿಯನ್ ಸಿಗುವ ಹಾಗೆ ನೋಡಿ ಅಂದಿತು. ಸುತ್ತಲಿನ ಕಷ್ಟದ ಕೇಸೆಲ್ಲ ಬಂದು ಬೀಳುವ ಆಸ್ಪತ್ರೆಯಲ್ಲಿ ಬರೀ 15 ಅಂದರೆ ನನಗೆ ಖುಷಿಗಿಂತ ಅನುಮಾನವೇ ಜಾಸ್ತಿ.

ಕಡಿಮೆ ಇದ್ದರೆ ಒಳ್ಳೆಯದು ಅನ್ನುವುದೂ ಪೂರ್ತಿ ನಿಜವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬಿಹಾರದ ಲೆಕ್ಕ ನೂರಕ್ಕೆ 9.7. ಅಲ್ಲಿ ಹೆರಿಗೆ ನಮಗಿಂತ ಚೆನ್ನಾಗಿ ನಡೆಯುತ್ತಿದೆ ಅಂತ ಯಾರೂ ಹೇಳುವುದಿಲ್ಲ. ಬೇಕಿದ್ದರೂ ಸಿಗದವರು ಆ ಸಂಖ್ಯೆಯೊಳಗೆ ಅಡಗಿದ್ದಾರೆ.

ಅದೇ ಸಮೀಕ್ಷೆಯಲ್ಲಿ ನಿಮ್ಮ ಅಮ್ಮನ ಮಾತಿಗೂ ಉತ್ತರವಿದೆ. ಮಹಾರಾಷ್ಟ್ರದಲ್ಲಿ ನೂರಕ್ಕೆ 25.4. ಕರ್ನಾಟಕದಲ್ಲಿ 31.5. (ಪಕ್ಕದ ಗೋವಾದಲ್ಲಂತೂ 39.5.) ಅಮ್ಮ ನಿಮ್ಮನ್ನು ಹೆತ್ತ ಕಾಲದ ಊರು ಈಗ ಇಲ್ಲ. ಕುಂದಾಪುರದಲ್ಲಿ ಕಾಯುವ ಡಾಕ್ಟರ್ ಖಂಡಿತ ಇದ್ದಾರು, ಮುಲುಂಡ್‌ನಲ್ಲೂ ಇದ್ದಾರು. ಊರಿನ ಹೆಸರು ನೋಡಿ ಅದು ಗೊತ್ತಾಗುವುದಿಲ್ಲ. ತವರಿಗೆ ಹೋಗುವುದಕ್ಕೆ ಬೇರೆ ಒಳ್ಳೆಯ ಕಾರಣಗಳಿವೆ, ಅದನ್ನು ಆಮೇಲೆ ಹೇಳುತ್ತೇನೆ.

ನಿಮಗೆ ಸಿಕ್ಕಿದ 35 ಮತ್ತು 43ಕ್ಕೆ ಬರೋಣ. 35 ಕಡಿಮೆ, ಹಾಗಾಗಿ ನರ್ಸಿಂಗ್ ಹೋಂ ವಾಸಿ ಅಂತ ನಿಮಗೆ ಅನ್ನಿಸಿರುತ್ತದೆ. ಸುಮ್ನೆ ಒಂದು ಲೆಕ್ಕ ಹಾಕೋಣ. ಇದು ನನ್ನ ಊಹೆಯ ಲೆಕ್ಕ, ಆ ಆಸ್ಪತ್ರೆಗಳದ್ದಲ್ಲ. ಟ್ರಸ್ಟ್ ಆಸ್ಪತ್ರೆಗೆ ಬಂದ ನೂರು ಜನರಲ್ಲಿ 50 ಕಷ್ಟದ ಕೇಸ್ ಅಂದುಕೊಳ್ಳಿ: ಹಿಂದೆ ಸಿಸೇರಿಯನ್ ಆದವರು, ಅವಳಿ, ಬಿಪಿ ಏರಿದವರು, ತಿಂಗಳು ತುಂಬದವರು. ಅವರಲ್ಲಿ 35 ಜನಕ್ಕೆ ಆಪರೇಷನ್. ಉಳಿದ 50 ನಿಮ್ಮ ಹಾಗೆ ಸಲೀಸಾದವರು, ಅವರಲ್ಲಿ 8 ಜನಕ್ಕೆ. ಒಟ್ಟು 43. ನರ್ಸಿಂಗ್ ಹೋಂ ಕಷ್ಟದವರನ್ನು ಬೇರೆ ಕಡೆ ಕಳಿಸುತ್ತದೆ. ಅಲ್ಲಿ ಕಷ್ಟದವರು 10, ಅವರಲ್ಲಿ 8 ಜನಕ್ಕೆ ಆಪರೇಷನ್. ಸಲೀಸಾದವರು 90, ಅವರಲ್ಲಿ 27 ಜನಕ್ಕೆ. ಒಟ್ಟು 35. ಈಗ ನಿಮ್ಮಂಥವರ ಪಾಲು ಮಾತ್ರ ನೋಡಿ. ಟ್ರಸ್ಟ್ ಆಸ್ಪತ್ರೆಯಲ್ಲಿ ನೂರಕ್ಕೆ 16. ನರ್ಸಿಂಗ್ ಹೋಂನಲ್ಲಿ 30.

ಅಂದರೆ ನೀವು ಕೇಳಬೇಕಾದ ಪ್ರಶ್ನೆ ಬೇರೆ. ಮೊದಲ ಹೆರಿಗೆ, ಒಂದೇ ಮಗು, ತಲೆ ಕೆಳಗೆ, 37 ವಾರ ದಾಟಿದೆ, ಬೇನೆ ತಾನಾಗಿ ಬಂದಿದೆ. ಇಂಥವರಲ್ಲಿ ನೂರಕ್ಕೆ ಎಷ್ಟು ಸಿಸೇರಿಯನ್? ಇದು ನನ್ನ ಸ್ವಂತ ಬುದ್ಧಿಯಲ್ಲ. ಮೈಕಲ್ ರಾಬ್ಸನ್ ಎಂಬ ವೈದ್ಯರು 2001ರಲ್ಲಿ ಹೆರಿಗೆಗೆ ಬರುವವರನ್ನೆಲ್ಲ ಹತ್ತು ಗುಂಪು ಮಾಡಿ ಲೆಕ್ಕ ಇಡುವ ವಿಧಾನ ಕೊಟ್ಟರು. 2015ರಿಂದ ವಿಶ್ವ ಆರೋಗ್ಯ ಸಂಸ್ಥೆಯೂ ಆಸ್ಪತ್ರೆಗಳನ್ನು ಅಳೆಯಲು ಇದನ್ನೇ ಬಳಸಿ ಅನ್ನುತ್ತದೆ. ಮೇಲೆ ಹೇಳಿದ್ದು ಅದರ ಮೊದಲ ಗುಂಪು. ಆ ಗುಂಪಿನಲ್ಲಿ 10ರೊಳಗೆ ಇರುವುದು ಸಾಧ್ಯ ಎಂದು ಸಂಸ್ಥೆಯ ಕೈಪಿಡಿ ಹೇಳುತ್ತದೆ. ನಮ್ಮ ಊರುಗಳಲ್ಲಿ 15–20 ಅಂದರೂ ನಾನು ತಲೆ ಆಡಿಸುತ್ತೇನೆ. 40 ಅಂದರೆ ಅಲ್ಲಿ ಯಾರಿಗೋ ಕಾಯಲು ಪುರುಸೊತ್ತಿಲ್ಲ.

2017ರಲ್ಲಿ ಮುಂಬೈಯ ಒಬ್ಬ ಮಹಿಳೆ ಆಸ್ಪತ್ರೆಗಳು ತಮ್ಮ ಸಿಸೇರಿಯನ್ ಲೆಕ್ಕ ಹೊರಗೆ ಹಾಕಬೇಕು ಎಂದು ಆನ್‌ಲೈನ್ ಮನವಿ ಶುರು ಮಾಡಿದರು. ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ನನ್ನ ಮನಸ್ಸೂ ಅವರ ಕಡೆಗೇ ಇತ್ತು. ಆದರೆ ಬರೀ ಒಟ್ಟು ಸಂಖ್ಯೆ ಬೋರ್ಡಿನ ಮೇಲೆ ಬರೆದರೆ ಏನಾಗುತ್ತದೆ ಅಂತಲೂ ಯೋಚಿಸಬೇಕು. ಕಷ್ಟದ ಕೇಸನ್ನು ಬಾಗಿಲಲ್ಲೇ ವಾಪಸ್ ಕಳಿಸಿದವರು ಒಳ್ಳೆಯವರಾಗಿ ಕಾಣುತ್ತಾರೆ.

ಇನ್ನು ದುಡ್ಡು. ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 47.4, ಸರ್ಕಾರಿಯಲ್ಲಿ 14.3. ಇದೂ ಅದೇ ಸಮೀಕ್ಷೆಯದ್ದು. ಈ ಅಂತರಕ್ಕೂ ದುಡ್ಡಿಗೂ ಸಂಬಂಧವೇ ಇಲ್ಲ ಅಂದರೆ ನೀವು ನಗುತ್ತೀರಿ. ಸಿಸೇರಿಯನ್ ಬಿಲ್ ದೊಡ್ಡದು, ಆಪರೇಷನ್ ಥಿಯೇಟರ್ ಚಾರ್ಜ್, ಮೂರ್ನಾಲ್ಕು ದಿನದ ಕೋಣೆ ಬಾಡಿಗೆ ಎಲ್ಲ ಸೇರುತ್ತದೆ. ಬಿಲ್ಲಿಗಾಗಿಯೇ ಕೊಯ್ಯುವವರು ಇಲ್ಲವೆಂದು ನಾನು ಪ್ರಮಾಣ ಮಾಡುವುದಿಲ್ಲ. ಆದರೆ ಇಷ್ಟು ವರ್ಷ ಹತ್ತಿರದಿಂದ ನೋಡಿದ ಮೇಲೆ ಹೇಳುತ್ತೇನೆ, ದುಡ್ಡಿಗಿಂತ ದೊಡ್ಡದು ಸಮಯ.

ನಮ್ಮ ಸಬರ್ಬ್‌ನ ನರ್ಸಿಂಗ್ ಹೋಂ ಹೇಗೆ ನಡೆಯುತ್ತದೆ ನೋಡಿ. ಡಾಕ್ಟರ್ ಒಬ್ಬರೇ. ಬೆಳಿಗ್ಗೆ ಓಪಿಡಿ, ಮಧ್ಯಾಹ್ನ ಆಪರೇಷನ್, ಸಂಜೆ ಮತ್ತೆ ಓಪಿಡಿ. ಅನಸ್ತೇಶಿಯಾ ಕೊಡುವವರು ಅಲ್ಲಿರುವುದಿಲ್ಲ, ನಾಲ್ಕಾರು ಆಸ್ಪತ್ರೆ ಸುತ್ತುತ್ತಿರುತ್ತಾರೆ. ಮಕ್ಕಳ ಡಾಕ್ಟರನ್ನೂ ಫೋನ್ ಮಾಡಿ ಕರೆಸಬೇಕು. ರಕ್ತ ಬೇರೆ ಕಡೆಯಿಂದ ಬರಬೇಕು. ನಡುರಾತ್ರಿ ಎರಡು ಗಂಟೆಗೆ ಮಗುವಿನ ಎದೆಬಡಿತ ಇಳಿದರೆ ಇವರೆಲ್ಲ ಅರ್ಧ ಗಂಟೆಯಲ್ಲಿ ಸೇರುತ್ತಾರಾ? ಮಳೆಗಾಲದಲ್ಲಿ? ಆ ಭಯ ಇರುವ ಡಾಕ್ಟರ್ ಸಂಜೆ ಏಳಕ್ಕೆ, ಎಲ್ಲರೂ ಸಿಗುವ ಹೊತ್ತಿನಲ್ಲೇ ‘ಗರ್ಭಕೋಶದ ಬಾಯಿ ತೆರೆಯುತ್ತಿಲ್ಲ, ತಗೊಂಡುಬಿಡೋಣ’ ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಬಾಯಿ ನಿಜಕ್ಕೂ ಆ ಹೊತ್ತಿಗೆ ತೆರೆದಿರುವುದಿಲ್ಲ. ಇನ್ನು ಆರು ಗಂಟೆ ಕಾದಿದ್ದರೆ ಏನಾಗುತ್ತಿತ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ, ಅಷ್ಟೇ.

ನಾನೂ ಮಾಡಿದ್ದೇನೆ. ಒಬ್ಬಳೇ ಸಣ್ಣ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಒಂದು ಹುಡುಗಿಗೆ ಹೀಗೇ ಸಂಜೆ ಆಪರೇಷನ್ ಮಾಡಿದೆ. ತಾಯಿ ಮಗು ಚೆನ್ನಾಗಿದ್ದರು, ಮನೆಯವರು ಪೇಡಾ ಕೊಟ್ಟರು. ಮೂರು ವರ್ಷದ ನಂತರ ಅದೇ ಹುಡುಗಿ ಎರಡನೇ ಬಸುರಿಯಾಗಿ ಬಂದಾಗ ಹಳೇ ಫೈಲ್ ತೆಗೆದು ನೋಡಿದೆ. ಬಾಯಿ 4 ಸೆಂಟಿಮೀಟರ್ ಇದ್ದಾಗ ಒಳಗೆ ಕರೆದೊಯ್ದಿದ್ದೆ. ಕಾಯಬಹುದಿತ್ತು.

ಆ 4 ಸೆಂಟಿಮೀಟರ್‌ನ ಕತೆ ಸ್ವಲ್ಪ ಹೇಳಬೇಕು, ಯಾಕೆಂದರೆ ಮೊದಲ ಹೆರಿಗೆಯ ಸಿಸೇರಿಯನ್‌ಗಳಲ್ಲಿ ದೊಡ್ಡ ಪಾಲು ಇಲ್ಲೇ ಹುಟ್ಟುತ್ತದೆ. 1955ರಲ್ಲಿ ಎಮ್ಯಾನುಯೆಲ್ ಫ್ರೀಡ್‌ಮನ್ ಎಂಬ ಅಮೆರಿಕದ ವೈದ್ಯರು ಬೇನೆಯ ವೇಗದ ಗ್ರಾಫ್ ಬರೆದರು. ಅದರಿಂದ ‘ಗಂಟೆಗೆ ಒಂದು ಸೆಂಟಿಮೀಟರ್’ ಎಂಬ ನಿಯಮ ಬಂತು. ನಾವೆಲ್ಲ ಅದನ್ನೇ ಕಲಿತದ್ದು. ಗಂಟೆಗೆ ಒಂದು ತೆರೆಯಲಿಲ್ಲವಾ, ಏನೋ ಸರಿಯಿಲ್ಲ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ನಿಯಮವನ್ನು ಕೈಬಿಟ್ಟಿತು. ಜೋರು ಬೇನೆಯ ಹಂತ ಶುರುವಾಗುವುದು 5 ಸೆಂಟಿಮೀಟರ್‌ನಿಂದ, ಅದಕ್ಕೆ ಮೊದಲು ತುಂಬಾ ನಿಧಾನವಾಗುವುದು ಸಹಜ, ತಾಯಿ ಮಗು ಚೆನ್ನಾಗಿದ್ದರೆ ನಿಧಾನ ಅನ್ನುವ ಒಂದೇ ಕಾರಣಕ್ಕೆ ಕೈ ಹಾಕಬೇಡಿ ಅಂದಿತು. ಲೇಬರ್ ರೂಮಿನ ಗೋಡೆಯಲ್ಲಿ ಇನ್ನೂ ಹಳೇ ಚಾರ್ಟ್ ನೇತಾಡುತ್ತಿದ್ದರೆ ಅದಕ್ಕೆ ನೀವೇನು ಮಾಡಲಾದೀತು? ಒಂದು ಮಾಡಬಹುದು. ತೀರಾ ಬೇಗ ಅಡ್ಮಿಟ್ ಆಗಬೇಡಿ. ನೋವು ಐದೈದು ನಿಮಿಷಕ್ಕೊಮ್ಮೆ ಬಿಡದೆ ಬರುವ ತನಕ ಮನೆಯಲ್ಲೇ ಓಡಾಡಿ, ಊಟ ಮಾಡಿ, ಬಿಸಿನೀರು ಹಾಕಿಕೊಳ್ಳಿ. ನೀರು ಹೋದರೆ, ರಕ್ತ ಕಂಡರೆ, ಮಗುವಿನ ಓಡಾಟ ಕಮ್ಮಿ ಅನ್ನಿಸಿದರೆ ಮಾತ್ರ ಒಂದು ನಿಮಿಷವೂ ಕಾಯದೆ ಹೊರಡಿ.

ಬೇನೆ ಬರಿಸುವುದು, ಅಂದರೆ ಇಂಡಕ್ಷನ್, ಮಾಡಿದರೆ ಸಿಸೇರಿಯನ್ ಗ್ಯಾರಂಟಿ ಅನ್ನುವ ಮಾತೂ ನಿಮ್ಮ ಕಿವಿಗೆ ಬಿದ್ದಿರುತ್ತದೆ. 2018ರಲ್ಲಿ ಅಮೆರಿಕದ ಆರು ಸಾವಿರಕ್ಕೂ ಹೆಚ್ಚು ಚೊಚ್ಚಲ ಬಸುರಿಯರ ಮೇಲಿನ ಅಧ್ಯಯನ ಬಂತು. 39 ವಾರಕ್ಕೆ ಬೇನೆ ಬರಿಸಿದವರಲ್ಲಿ ನೂರಕ್ಕೆ 18.6, ಸುಮ್ಮನೆ ಕಾದವರಲ್ಲಿ 22.2 ಸಿಸೇರಿಯನ್. ಜಾಸ್ತಿ ಆಗಲಿಲ್ಲ, ಕಮ್ಮಿಯೇ ಆಯಿತು. ಆದರೆ ಅಲ್ಲಿ ಇಂಡಕ್ಷನ್ ಮಾಡಿದ ಮೇಲೆ ತಾಳ್ಮೆಯಿಂದ ಕಾಯುತ್ತಾರೆ. ನೀರೊಡೆದು, ಡ್ರಿಪ್ ಹಾಕಿ 12ರಿಂದ 18 ಗಂಟೆ ನೋಡದೆ ‘ಫೇಲ್ ಆಯಿತು’ ಅನ್ನಬಾರದು ಎಂಬುದು ಅವರ ನಿಯಮ. ಬೆಳಿಗ್ಗೆ ಮಾತ್ರೆ ಇಟ್ಟು ಸಂಜೆ ಫೇಲ್ ಅಂದರೆ ತಪ್ಪು ಮಾತ್ರೆಯದ್ದಲ್ಲ.

ಇನ್ನು ನಮ್ಮ ಜನ. ಎಲ್ಲವನ್ನೂ ಡಾಕ್ಟರ್ ತಲೆಗೆ ಕಟ್ಟಿದರೆ ಅನ್ಯಾಯ. ‘ಮೂಲಾ ನಕ್ಷತ್ರ ಬೇಡ ಮೇಡಂ, ಗುರುವಾರ ಹತ್ತೂವರೆಯೊಳಗೆ ತೆಗೆದುಬಿಡಿ’ ಅಂತ ಭಟ್ಟರ ಚೀಟಿ ಹಿಡಿದು ಬಂದವರು ನನ್ನ ಮೇಜಿನ ಎದುರು ಎಷ್ಟು ಸಲ ಕೂತಿದ್ದಾರೋ. 39 ವಾರ ತುಂಬುವ ಮೊದಲು ಹೀಗೆ ತೆಗೆದ ಮಕ್ಕಳಲ್ಲಿ ಉಸಿರಾಟದ ತೊಂದರೆ ಜಾಸ್ತಿ, ಕೆಲವನ್ನು ಎನ್‌ಐಸಿಯುನಲ್ಲಿ (ಎಳೆಮಕ್ಕಳ ತೀವ್ರ ನಿಗಾ ಘಟಕ) ಇಡಬೇಕಾಗುತ್ತದೆ. ಅಲ್ಲಿಗೆ ಹೋದ ಮೇಲೆ ಯಾವ ನಕ್ಷತ್ರವಾದರೇನು? ಇನ್ನು ಕೆಲವರು ಎಂಟನೇ ಗಂಟೆಗೆ ‘ನಮ್ಮ ಹುಡುಗಿ ಕಿರುಚುವುದು ಕೇಳಲಾಗುತ್ತಿಲ್ಲ, ಕೊಯ್ದುಬಿಡಿ’ ಅಂತ ಜಗಳಕ್ಕೆ ಬರುತ್ತಾರೆ. ನೋವಿಗೆ ಔಷಧಿ ಇದೆ, ಬೆನ್ನಿನಲ್ಲಿ ಕೊಡುವ ಎಪಿಡ್ಯೂರಲ್. ಅದು ಸಿಸೇರಿಯನ್ ಹೆಚ್ಚಿಸುವುದಿಲ್ಲ, ಜೀವನಪೂರ್ತಿ ಬೆನ್ನುನೋವನ್ನೂ ತರುವುದಿಲ್ಲ. ಆದರೆ ಅದನ್ನು ಕೊಡಲು ಅನಸ್ತೇಶಿಯಾದವರು ಅಲ್ಲೇ ಇರಬೇಕು. ಮತ್ತೆ ಅದೇ ಕಡೆ ಬಂದೆವು ನೋಡಿ.

ಸಿಸೇರಿಯನ್ ಬೇಕೇ ಬೇಕು ಅನ್ನುವ ಸಂದರ್ಭಗಳ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಮಾಸು (ಪ್ಲಾಸೆಂಟಾ) ಗರ್ಭಕೋಶದ ಬಾಯಿ ಮುಚ್ಚಿದ್ದರೆ, ಮಗು ಅಡ್ಡ ಇದ್ದರೆ, ಬಳ್ಳಿ ಮಗುವಿಗಿಂತ ಮೊದಲೇ ಹೊರಗೆ ಜಾರಿದರೆ, ಬಾಯಿ ಪೂರ್ತಿ ತೆರೆದರೂ ತಲೆ ಇಳಿಯದೆ ಸಿಕ್ಕಿಕೊಂಡರೆ, ಎದೆಬಡಿತ ಬಿದ್ದು ಏಳದಿದ್ದರೆ. ಆಗ ಸಹಿ ಹಾಕಲು ಹಿಂದೆಮುಂದೆ ನೋಡಬೇಡಿ. ‘ಮಗು ದೊಡ್ಡದು’ ಎಂಬ ಕಾರಣಕ್ಕೆ ಮಾತ್ರ ಎರಡು ಪ್ರಶ್ನೆ ಕೇಳಿ. ಸ್ಕ್ಯಾನ್ ಹೇಳುವ ತೂಕ ನೂರಕ್ಕೆ 10–15ರಷ್ಟು ಆಚೀಚೆ ಆಗುತ್ತದೆ. 3.6 ಕಿಲೋ ಅಂದದ್ದು ಹುಟ್ಟಿದಾಗ 3.2 ಇದ್ದದ್ದು ನಾನೇ ತೂಗಿ ನೋಡಿದ್ದೇನೆ.

ಅಪಾಯದ ಮಾತು. ಇವತ್ತಿನ ಸಿಸೇರಿಯನ್ ಸುರಕ್ಷಿತ. ಬಾಣಂತಿಗೆ ಹಾಲು ಬರುವುದಿಲ್ಲ ಅನ್ನುವುದು ಸುಳ್ಳು. ಒಂದೆರಡು ದಿನ ತಡವಾಗಬಹುದು, ಬಂದೇ ಬರುತ್ತದೆ. ರಕ್ತಸ್ರಾವ, ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ನಾರ್ಮಲ್‌ಗಿಂತ ಸ್ವಲ್ಪ ಜಾಸ್ತಿ. ನಾರ್ಮಲ್ ಹೆರಿಗೆಯೂ ಪೂರ್ತಿ ಪುಕ್ಕಟೆಯಲ್ಲ. ಹರಿದು ಹೊಲಿಗೆ ಬೀಳುವುದು, ಮುಂದೆ ಕೆಮ್ಮಿದಾಗ ಮೂತ್ರ ಜಾರುವುದು ಅದರ ಪಾಲಿಗಿದೆ. ಸಿಸೇರಿಯನ್‌ನ ನಿಜವಾದ ಬೆಲೆ ಮುಂದಿನ ಬಸುರಿಯಲ್ಲಿ ಗೊತ್ತಾಗುತ್ತದೆ. ಒಮ್ಮೆ ಆಪರೇಷನ್ ಆದವರಲ್ಲಿ ಮುಂದಿನ ಸಲ ಮಾಸು ಕೆಳಗೆ ಬಾಯಿ ಮುಚ್ಚಿ ಕೂತರೆ, ಅದು ಹಳೇ ಗಾಯದೊಳಗೆ ಬೇರು ಬಿಡುವ ಸಾಧ್ಯತೆ ನೂರಕ್ಕೆ 11. ಎರಡು ಸಲ ಆದವರಲ್ಲಿ 40. ಗರ್ಭಕೋಶವನ್ನೇ ತೆಗೆಯಬೇಕಾದ ಸಂದರ್ಭ ಅದು. ಅದಕ್ಕೇ ಮೊದಲ ಹೆರಿಗೆಯ ಬಗ್ಗೆ ಇಷ್ಟೊಂದು ಹಠ. ಹಾಗಂತ ಒಮ್ಮೆ ಆಯಿತೆಂದರೆ ಯಾವಾಗಲೂ ಅದೇ ಅಂತಲೂ ಅಲ್ಲ. ಸರಿಯಾದ ಕಡೆ ಪ್ರಯತ್ನಿಸಿದರೆ ನಾಲ್ವರಲ್ಲಿ ಮೂವರಿಗೆ ಎರಡನೆಯದು ನಾರ್ಮಲ್ ಆಗುತ್ತದೆ. ಹಳೇ ಹೊಲಿಗೆ ಬಿಟ್ಟುಕೊಳ್ಳುವ ಅಪಾಯ 200ರಲ್ಲಿ ಒಂದು. ನನ್ನ ಆ ಹುಡುಗಿಗೆ ಎರಡನೆಯದು ನಾರ್ಮಲ್ ಆಯಿತು, ಬೇರೆ ಆಸ್ಪತ್ರೆಯಲ್ಲಿ. ನಾನೇ ಕಳಿಸಿದೆ.

ಹಾಗಾದರೆ ನೀವು ಎಲ್ಲಿಗೆ ಹೋಗಬೇಕು? ನಾನು ನಿಮ್ಮ ಜಾಗದಲ್ಲಿದ್ದರೆ ಟ್ರಸ್ಟ್ ಆಸ್ಪತ್ರೆಯ 43ಕ್ಕೆ ಹೆದರುತ್ತಿರಲಿಲ್ಲ. ಇನ್ನೊಮ್ಮೆ ಹೋಗಿ ಕೇಳುತ್ತಿದ್ದೆ: ಮೊದಲ ಹೆರಿಗೆ, ತಾನಾಗಿ ಬೇನೆ ಬಂದವರಲ್ಲಿ ಎಷ್ಟು? ರಾತ್ರಿ ಹೆರಿಗೆ ಡಾಕ್ಟರ್ ಕಟ್ಟಡದೊಳಗೇ ಇರುತ್ತಾರಾ, ಅನಸ್ತೇಶಿಯಾದವರು? ಬೇನೆಯ ಹೊತ್ತಿಗೆ ನನ್ನ ಜೊತೆ ಒಬ್ಬರು ಇರಬಹುದಾ? (ಈ ಕೊನೆಯದನ್ನು ಹಗುರವಾಗಿ ನೋಡಬೇಡಿ. ಪಕ್ಕದಲ್ಲಿ ಒಬ್ಬರು ಬಿಡದೆ ಇದ್ದವರಲ್ಲಿ ಸಿಸೇರಿಯನ್ ಕಡಿಮೆ ಎಂದು ಬಹಳ ಅಧ್ಯಯನಗಳು ತೋರಿಸಿವೆ. ಬೆನ್ನು ಉಜ್ಜುವ ಅತ್ತೆಯೂ ಆದೀತು.) ಎದೆಬಡಿತದ ಮೆಷಿನ್‌ಗೆ ಹೊತ್ತಿಡೀ ಕಟ್ಟಿಹಾಕುತ್ತೀರಾ, ಅಥವಾ ಓಡಾಡಲು ಬಿಟ್ಟು ಕಾಲು ಗಂಟೆ, ಅರ್ಧ ಗಂಟೆಗೊಮ್ಮೆ ಕೇಳುತ್ತೀರಾ? ತೊಂದರೆಯಿಲ್ಲದವರಿಗೆ ಎರಡನೆಯದೇ ಸಾಕು. ಹೊತ್ತಿಡೀ ಕಟ್ಟಿದರೆ ಆಪರೇಷನ್ ಜಾಸ್ತಿಯಾಗುತ್ತದೆ. ಇದನ್ನೆಲ್ಲ ಪರೀಕ್ಷೆ ಮಾಡುವವರ ಹಾಗೆ ಕೇಳಬೇಡಿ, ‘ನನಗೆ ಭಯ ಇದೆ, ಸ್ವಲ್ಪ ಹೇಳ್ತೀರಾ’ ಅಂತ ಕೇಳಿ. ಒಳ್ಳೆಯ ಡಾಕ್ಟರ್ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಅದೂ ಒಂದು ಉತ್ತರವೇ.

ನರ್ಸಿಂಗ್ ಹೋಂ ಬಿಡಲೇಬೇಕು ಅಂತಿಲ್ಲ. ನಿಮಗೆ ಆ ಡಾಕ್ಟರ್ ಮೇಲೆ ನಂಬಿಕೆ ಇದ್ದರೆ ಇದೇ ಪ್ರಶ್ನೆ ಅಲ್ಲೂ ಕೇಳಿ. ಇಬ್ಬರು ಮೂವರು ಡಾಕ್ಟರ್ ಸೇರಿ ಪಾಳಿಯಲ್ಲಿ ನಡೆಸುವ ಸಣ್ಣ ಜಾಗಗಳು ಚೆನ್ನಾಗಿ ಕಾಯುತ್ತವೆ. ಇನ್ನು ನೀವು ಹೆಸರೇ ಎತ್ತದ ಮುನ್ಸಿಪಲ್ ಆಸ್ಪತ್ರೆ. ನಾನು ಕಲಿತದ್ದು ಅಂಥಲ್ಲೇ. ಗದ್ದಲ, ಖಾಸಗಿತನ ಕಮ್ಮಿ, ಸಿಸ್ಟರ್‌ಗಳ ಬಾಯಿ ಜೋರು. ಆದರೆ ದೊಡ್ಡ ಆಸ್ಪತ್ರೆಗಳಲ್ಲಿ ರಾತ್ರಿ ಮೂರಕ್ಕೂ ಹೆರಿಗೆ ಡಾಕ್ಟರ್, ಅನಸ್ತೇಶಿಯಾ, ಮಕ್ಕಳ ಡಾಕ್ಟರ್, ರಕ್ತ ಎಲ್ಲ ಒಂದೇ ಛಾವಣಿ ಕೆಳಗೆ. ಯಾರ ಮನೆಗೂ ಫೋನ್ ಮಾಡಬೇಕಿಲ್ಲ. ಒಮ್ಮೆ ಹೋಗಿ ನೋಡಿ ಬನ್ನಿ, ಆಮೇಲೆ ಬೇಡ ಅನ್ನಿ.

ಕುಂದಾಪುರಕ್ಕೆ ಹೋಗುವುದಾದರೆ ಅಮ್ಮನ ಆರೈಕೆಗಾಗಿ ಹೋಗಿ. ಬಾಣಂತನ ಅಲ್ಲಿ ಸುಖ, ಅದು ಸಣ್ಣ ವಿಷಯವಲ್ಲ. ಆದರೆ 37ನೇ ವಾರದಲ್ಲಿ ಹೋಗಿ ಹೊಸ ಡಾಕ್ಟರ್ ಮುಂದೆ ನಿಂತರೆ, ನಿಮ್ಮ ಪರಿಚಯವಿಲ್ಲದ ಅವರು ಸಹಜವಾಗಿಯೇ ಅಪಾಯ ಬೇಡ ಅಂದುಕೊಳ್ಳುತ್ತಾರೆ. 34 ವಾರದೊಳಗೆ ಹೋಗಿ, ಇವೇ ಪ್ರಶ್ನೆ ಅಲ್ಲೂ ಕೇಳಿ. ಇಲ್ಲಿನ ಎಲ್ಲ ರಿಪೋರ್ಟ್, ಮುಖ್ಯವಾಗಿ ಮೊದಲ ಮೂರು ತಿಂಗಳಿನ ಸ್ಕ್ಯಾನ್, ಜೊತೆಗಿರಲಿ. ಡೇಟ್ ಸರಿಯಾಗಿ ಗೊತ್ತಾಗುವುದು ಅದರಿಂದಲೇ. ಡೇಟ್ ತಪ್ಪಿದರೆ ‘ದಿನ ಮೀರಿತು’ ಅಂತ ಸುಮ್ನೆ ಇಂಡಕ್ಷನ್ ಆಗುತ್ತದೆ. 36 ವಾರಕ್ಕೆ ಮಗುವಿನ ತಲೆ ಕೆಳಗಿದೆಯಾ ಎಂದು ನೋಡಿಸಿ. ಕೆಳಗಿಲ್ಲದಿದ್ದರೆ ಹೊರಗಿನಿಂದ ತಿರುಗಿಸುವ ವಿಧಾನವಿದೆ, ಅರ್ಧದಷ್ಟು ಸಲ ಫಲಿಸುತ್ತದೆ, ಅದನ್ನು ಮಾಡುವವರು ಹತ್ತಿರ ಇದ್ದಾರಾ ಅಂತ ಕೇಳಿಟ್ಟುಕೊಳ್ಳಿ.

ಮತ್ಸ್ಯಗಂಧ ರೈಲಿನಲ್ಲಿ ಹೋಗುವುದಾದರೆ ಗರ್ಭಿಣಿಯರಿಗೆ ಲೋವರ್ ಬರ್ತ್ ಕೋಟಾ ಇದೆ, ಡಾಕ್ಟರ್ ಸರ್ಟಿಫಿಕೇಟ್ ಬೇಕು. ಈ ವಾರದ ಚೆಕಪ್‌ನಲ್ಲೇ ಬರೆಸಿಕೊಳ್ಳಿ.